ಊರವರನ್ನೆಲ್ಲ ಮಾತಾಡಿಸಿ

ದೊಡ್ಡ ಬಂಡವಾಳದ ಗೇಮುಗಳನ್ನು ನಮ್ಮ ಮನೆಯ ಕಂಪ್ಯೂಟರು ಒಲ್ಲೆ ಅನ್ನುತ್ತಿತ್ತು. ಹುಬ್ಬಳ್ಳಿಯಿಂದ ತಂದ ಡಿವಿಡಿ ಹಾಕಿದರೆ ಇನ್‌ಸ್ಟಾಲ್ ಏನೋ ಆಗುತ್ತಿತ್ತು. ಆಮೇಲೆ ಕಪ್ಪು ಪರದೆ, ಫ್ಯಾನಿನ ಗುರ್ರೆನ್ನುವ ಸದ್ದು, ಗ್ರಾಫಿಕ್ಸ್ ಕಾರ್ಡ್ ಇಲ್ಲವೆಂಬ ತಕರಾರು. ದಾಂಡೇಲಿಯ ಕಾಗದದ ಮಿಲ್ಲಿನ ಬಂಗೂರನಗರದ ಕ್ವಾರ್ಟರ್ಸಿನಲ್ಲಿ ಆಗ ಕಂಪ್ಯೂಟರಿದ್ದ ಮನೆಗಳು ಇದ್ದವು, ಆದರೆ ಎಲ್ಲವೂ ಮಕ್ಕಳ ಓದಿಗೆಂದು ಕಂತಿನ ಮೇಲೆ ತಂದವು. ಅದಕ್ಕೆ ಇನ್ನೊಂದು ಕಾರ್ಡ್ ಹಾಕಿಸಿಕೊಡಿ ಎಂದು ಪಾಳಿ ಮುಗಿಸಿ ಬಂದ ಅಪ್ಪನನ್ನು ಕೇಳುವ ಧೈರ್ಯ ಯಾವ ಹುಡುಗನಿಗೂ ಇರಲಿಲ್ಲ. ಹೀಗಾಗಿ ನಾವು ಓಡುವಂಥದ್ದನ್ನು ಹುಡುಕಿದೆವು. ಓಡಿದ್ದು ಸಣ್ಣ ಆಟಗಳು, ಅದರಲ್ಲೂ ಜಪಾನಿನವು.

ಜೆಆರ್‌ಪಿಜಿ, ಅಂದರೆ ಜಪಾನಿ ರೋಲ್ ಪ್ಲೇಯಿಂಗ್ ಗೇಮ್. ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಹುಡುಗನೋ ಹುಡುಗಿಯೋ ಹಳ್ಳಿ ಬಿಟ್ಟು ಹೊರಡುತ್ತಾರೆ. ದಾರಿಯಲ್ಲಿ ಜೊತೆಗಾರರು ಕೂಡುತ್ತಾರೆ. ಹೊಡೆದಾಟ ಹೆಚ್ಚಾಗಿ ಸರದಿಯ ಪ್ರಕಾರ: ನೀನೊಂದು ಹೊಡಿ, ನಾನೊಂದು ಹೊಡೀತೀನಿ. ಕೊನೆಗೊಬ್ಬ ಲೋಕಕಂಟಕ. ಡ್ರ್ಯಾಗನ್ ಕ್ವೆಸ್ಟ್, ಫೈನಲ್ ಫ್ಯಾಂಟಸಿಗಳು ಈ ಕುಲದ ಶ್ರೀಮಂತ ಮನೆಗಳು. 1997ರ ಫೈನಲ್ ಫ್ಯಾಂಟಸಿ 7 ಮೂರು ಡಿಸ್ಕುಗಳಲ್ಲಿ ಬಂದಿತ್ತು. ನಾನು ಹೇಳಹೊರಟದ್ದು ಅದೇ ಕುಲದ ಬಡ ದಾಯಾದಿಗಳ ಬಗ್ಗೆ.

ಮೊದಲು ಸಿಕ್ಕ ಆಟ ಮಾತ್ರ ಅಷ್ಟು ಬಡದ್ದಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಯಾರೋ ಗೇಮ್‌ಬಾಯ್ ಅಡ್ವಾನ್ಸ್‌ನ ಎಮ್ಯುಲೇಟರ್ ಹಾಕಿಟ್ಟಿದ್ದರು, ಅದರಲ್ಲಿ ಕ್ಯಾಮೆಲಾಟ್ ಕಂಪನಿಯ 2001ರ 'ಗೋಲ್ಡನ್ ಸನ್' ಇತ್ತು. ಅದರಲ್ಲಿ ಐವನ್ ಅಂತ ಒಬ್ಬ ಪುಟ್ಟ ಹುಡುಗ ಬರುತ್ತಾನೆ, ಅವನಿಗೆ ಇನ್ನೊಬ್ಬರ ಮನಸ್ಸು ಓದುವ ಶಕ್ತಿ. ಊರಿನಲ್ಲಿ ಯಾರನ್ನಾದರೂ ಮಾತಾಡಿಸಿದರೆ ಬಾಯಲ್ಲಿ ಒಂದು ಹೇಳುತ್ತಾರೆ. ಐವನ್ ಮನಸ್ಸು ಓದಿದರೆ ಇನ್ನೊಂದು ಸಿಗುತ್ತದೆ. ನಗುನಗುತ್ತ ಸ್ವಾಗತಿಸಿದ ಅಂಗಡಿಯವ ಒಳಗೊಳಗೇ ಹೆದರಿರುತ್ತಾನೆ. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತವನು ಕತೆ ಮುಂದೊತ್ತುವುದು ಬಿಟ್ಟು, ಮುದುಕಿಯರ, ಕೋಳಿ ಕಾಯುವ ಹುಡುಗರ ಮನಸ್ಸು ಓದುತ್ತ ಕೂರುತ್ತಿದ್ದೆ. ಪಕ್ಕದ ಕುರ್ಚಿಯ ಕೌಂಟರ್ ಸ್ಟ್ರೈಕ್ ವೀರರು "ಏನಲೇ, ಗೇಮ್ ಆಡಾಕತ್ತೀಯೋ ಪಾಠ ಓದಾಕತ್ತೀಯೋ?" ಎಂದು ನಗುತ್ತಿದ್ದರು. ಓದುತ್ತಿದ್ದದ್ದು ನಿಜ. ನನ್ನ ಇಂಗ್ಲಿಷಿನ ಅರ್ಧ ಆ ಪುಟ್ಟ ಚೌಕದೊಳಗಿನ ಸಾಲುಗಳಿಂದ ಬಂದದ್ದು.

ಅಲ್ಲಿ ಹಿಡಿದ ಚಟ ಇಂದಿಗೂ ಬಿಟ್ಟಿಲ್ಲ: ಹೊಸ ಊರು ಸಿಕ್ಕಿತೋ, ಎಲ್ಲರನ್ನೂ ಮಾತಾಡಿಸು. ಆಮೇಲೆ ಇನ್ನೊಮ್ಮೆ ಮಾತಾಡಿಸು. ಈ ಆಟಗಳಲ್ಲಿ ಎಷ್ಟೋ ಪಾತ್ರಗಳಿಗೆ ಎರಡನೇ ಸಲಕ್ಕೆ ಬೇರೆ ಮಾತು ಇಟ್ಟಿರುತ್ತಾರೆ. ಮೊದಲನೆಯದು ಕತೆಗೆ ಬೇಕಾದದ್ದು, ಎರಡನೆಯದು ಅವರಿಗೆ ಬೇಕಾದದ್ದು.

ದುಡ್ಡು ಕಡಿಮೆಯಿದ್ದ ಆಟ ಎಲ್ಲಿ ಉಳಿಸುತ್ತದೆ ಎಂಬುದು ಬೇಗ ಗೊತ್ತಾಗುತ್ತದೆ. ಮೊದಲ ಕಾಡಿನ ಹಸಿರು ತೋಳ ಮೂರನೇ ಕಾಡಿನಲ್ಲಿ ಕೆಂಪು ತೋಳವಾಗಿ ಬರುತ್ತದೆ, ಅಷ್ಟೇ. ಎಲ್ಲ ಮನೆಗಳ ಒಳಗೂ ಅದೇ ಮೇಜು, ಅದೇ ಹೂಜಿ. ಬಯಲಾಟ ನೋಡಿ ಬೆಳೆದ ನಮ್ಮ ಜಿಲ್ಲೆಯವನಿಗೆ ಇದು ಯಾಕೆ ಕೊರತೆ ಅನಿಸಬೇಕು? ಬಯಲಾಟದ ರಂಗದ ಮೇಲೆ ಇರುವುದು ಒಂದೇ ರಥ, ಅಂದರೆ ಒಂದು ಮರದ ಪೆಟ್ಟಿಗೆ. ದೇವೇಂದ್ರನ ಸಿಂಹಾಸನವೂ ಅದೇ, ಕೈಲಾಸವೂ ಅದೇ, ಅರ್ಜುನನ ರಥವೂ ಅದೇ. ಒಂದೇ ಯಾಕೆ ಎಂದು ಯಾರೂ ಎದ್ದು ನಿಂತು ಕೇಳಿದ್ದಿಲ್ಲ. ಕೇಳುತ್ತಿದ್ದದ್ದು ಅರ್ಥ, ಅಂದರೆ ಪಾತ್ರಧಾರಿಯ ಮಾತು, ಹೇಗಿತ್ತು ಎಂದು. ಎಲ್ಲಿ ಉಳಿಸಿದರು ಎನ್ನುವುದಕ್ಕಿಂತ ಉಳಿಸಿದ್ದನ್ನು ಎಲ್ಲಿ ಸುರಿದರು ಎನ್ನುವುದೇ ನನಗೆ ಮುಖ್ಯ. ಒಳ್ಳೆಯ ಸಣ್ಣ ಆಟಗಳು ಅದನ್ನು ಮಾತಿಗೆ ಸುರಿಯುತ್ತವೆ.

ಎಲ್ಲವೂ ಅಲ್ಲ. ನಿಹೋನ್ ಫಾಲ್ಕಾಮ್‌ನ 'ಈಸ್ ಒರಿಜಿನ್' ತನ್ನ ದುಡ್ಡನ್ನೆಲ್ಲ ಕಾಲುಗಳಿಗೆ ಹಾಕಿತ್ತು. 2006ರ ಆಟ ಅದು, ಇಂಗ್ಲಿಷಿಗೆ 2012ರಲ್ಲಿ ಬಂತು. ಇಡೀ ಆಟ 25 ಅಂತಸ್ತಿನ ಒಂದೇ ಗೋಪುರದೊಳಗೆ ಮುಗಿಯುತ್ತದೆ. ಊರಿಲ್ಲ, ಹೊಲವಿಲ್ಲ, ಹಡಗಿಲ್ಲ. ಹತ್ತುವುದು, ಜಿಗಿಯುವುದು, ಹೊಡೆಯುವುದು. ಆ ಗೋಪುರದಲ್ಲಿ ಆಟ ಉಳಿಸಿಕೊಳ್ಳಬೇಕಾದರೆ ದೇವತೆಯರ ಮೂರ್ತಿಯ ತನಕ ಹೋಗಲೇಬೇಕು. ಇಲ್ಲೇ ದಾಂಡೇಲಿಯವನ ಕಷ್ಟ. ಸೂಪಾದ 101 ಮೀಟರ್ ಎತ್ತರದ ಕಟ್ಟೆ ನಮ್ಮ ಮಗ್ಗುಲಲ್ಲೇ ಇದೆ. ನಾಗಝರಿಯಲ್ಲಿ ಕಾಳಿ ನದಿಯ ನೀರಿನಿಂದ ಕರೆಂಟು ತೆಗೆದು ರಾಜ್ಯಕ್ಕೆಲ್ಲ ಕಳಿಸುತ್ತಾರೆ. ಮಳೆಗಾಲದ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ನಮ್ಮ ಮನೆಯೇ ಮೊದಲು ಕತ್ತಲು. ಅಂತಸ್ತಿನ ದೊಡ್ಡ ರಾಕ್ಷಸನ ಜೀವ ಇನ್ನು ಬೆರಳಷ್ಟು ಉಳಿದಿರುತ್ತದೆ, ಅಷ್ಟರಲ್ಲಿ ಪರದೆ ಆರಿ ಅಡುಗೆ ಮನೆಯಿಂದ ಅಮ್ಮನ ದನಿ: "ಹೋತು ನೋಡ, ಛೊಲೋ ಆತು. ಬಾ, ಉಣ್ಣ ಬಾ."

ಕರೆಂಟಿನ ಹಂಗಿಲ್ಲದ ಆಟ ಸಿಕ್ಕಿದ್ದು ಮುಂಡಗೋಡದಲ್ಲಿ. ಹಳಿಯಾಳದಲ್ಲಿ ಎಂಜಿನಿಯರಿಂಗ್ ಓದುವಾಗ ಜೊತೆಗಿದ್ದ ಒಬ್ಬ ಅಲ್ಲಿಯ ಟಿಬೆಟಿ ಕಾಲೊನಿಯವನು. 1966ರಲ್ಲಿ ಶುರುವಾದ ಡೋಗುಲಿಂಗ್ ವಸಾಹತಿನಲ್ಲೇ ಅವನ ಅಪ್ಪ ಅಮ್ಮ ಹುಟ್ಟಿದ್ದು, ಅವನ ಕನ್ನಡ ನನ್ನದಕ್ಕಿಂತ ಖಡಕ್. ವಿದೇಶದಲ್ಲಿದ್ದ ಸೋದರಮಾವ ಲೋಸಾರ್ ಹಬ್ಬಕ್ಕೆ ಬಂದಾಗ ಕೈಯಲ್ಲಿ ಹಿಡಿದು ಆಡುವ ಒಂದು ಪಿಎಸ್‌ಪಿ ಬಿಟ್ಟುಹೋಗಿದ್ದರು. ಲಾಮಾ ಕ್ಯಾಂಪಿನ ಹೋಟೆಲೊಂದರಲ್ಲಿ ಮೊಮೊ ಹೇಳಿ ಕೂತು ಇಬ್ಬರೂ ಅದನ್ನು ಕೈ ಬದಲಾಯಿಸಿಕೊಳ್ಳುತ್ತಿದ್ದೆವು. ಆಟದ ಹೆಸರು 'ಹಾಫ್ ಮಿನಿಟ್ ಹೀರೋ', 2009ರದ್ದು. ದುಷ್ಟನೊಬ್ಬ ಲೋಕ ಮುಳುಗಿಸುವ ಮಂತ್ರ ಶುರುಮಾಡಿದ್ದಾನೆ, ಅದು 30 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ನೀವು ಬಲಿತು, ಕತ್ತಿ ಕೊಂಡು, ಅವನ ಕೋಟೆಗೆ ಓಡಿ ಹೊಡೆಯಬೇಕು. ಕಾಲದೇವತೆ ಗಡಿಯಾರ ಹಿಂದೆ ತಿರುಗಿಸಿಕೊಡುತ್ತಾಳೆ, ಆದರೆ ಕಾಣಿಕೆ ಇಟ್ಟರೆ ಮಾತ್ರ, ಸಲಸಲಕ್ಕೂ ಜಾಸ್ತಿ. ಚಿತ್ರಗಳು ಬೆರಳ ತುದಿಯಷ್ಟು, ಬೇಕೆಂದೇ ಹಳೆಯ ಕಾಲದವು. ನಲವತ್ತು ಗಂಟೆಯ ಕತೆಗಳನ್ನು ನಗೆಯಾಡುತ್ತ ಅರ್ಧ ನಿಮಿಷಕ್ಕೆ ಇಳಿಸಿದ ಜಾಣತನ ದೊಡ್ಡ ಕಂಪನಿಗೆ ಸುಲಭಕ್ಕೆ ಬರುವುದಿಲ್ಲ. ನೂರು ಕೋಟಿ ಹಾಕಿದವನಿಗೆ ತನ್ನನ್ನೇ ಆಡಿಕೊಳ್ಳುವ ಸಲಿಗೆ ಎಲ್ಲಿಂದ ಬರಬೇಕು?

ಹಳಿಯಾಳದಲ್ಲಿ ನಾನು ಇದ್ದದ್ದು ದೊಡ್ಡಪ್ಪನ ಮನೆಯಲ್ಲಿ, ಕೆಳಗೆ ಕಿರಾಣಿ ಅಂಗಡಿ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಡೌನ್‌ಲೋಡ್ ಮಾಡಬಹುದಿತ್ತು. ಅಲಾರಂ ಇಟ್ಟು ಎದ್ದು ಹಚ್ಚಿ ಮಲಗುವುದು. ಆಟ ಮಾರುವ ತಾಣವಾದ ಸ್ಟೀಮ್‌ನಲ್ಲಿ ಆಗ ಬೆಲೆ ಡಾಲರಿನಲ್ಲಿ, ರೂಪಾಯಿ ಬಂದದ್ದು 2015ರ ಕೊನೆಗೆ. ಬೆಂಗಳೂರಿನಲ್ಲಿದ್ದ ಅಣ್ಣನ ಕ್ರೆಡಿಟ್ ಕಾರ್ಡ್ ಬೇಡಿ ಹಾಗೆ ಕೊಂಡ ಮೊದಲ ಆಟ 'ರೆಸೆಟಿಯರ್'. ಈಸಿಗೇಮ್‌ಸ್ಟೇಷನ್ ಎಂಬ ಜಪಾನಿನ ಹವ್ಯಾಸಿ ಗುಂಪು 2007ರಲ್ಲಿ ಮಾಡಿದ್ದು. 2010ರಲ್ಲಿ ಇಂಗ್ಲಿಷಿಗೆ ತಂದದ್ದು ಕಾರ್ಪೆ ಫುಲ್ಗರ್, ಗೆಳೆಯರಿಬ್ಬರು ಕಟ್ಟಿಕೊಂಡ ಅಮೆರಿಕದ ಪುಟ್ಟ ಸಂಸ್ಥೆ.

ಎಲ್ಲ ಆಟಗಳಲ್ಲೂ ವೀರರಿಗೆ ಕತ್ತಿ ಮಾರುವ ಅಂಗಡಿಯೊಂದು ಇರುತ್ತದಲ್ಲ, ಈ ಆಟ ಆ ಕೌಂಟರಿನ ಹಿಂದೆ ಕೂರಿಸುತ್ತದೆ. ಸಾಹಸಕ್ಕೆಂದು ಹೋದ ಅಪ್ಪ ನಾಪತ್ತೆ. ಅವನು ಮಾಡಿಟ್ಟ ಸಾಲ ಮಗಳು ರೆಸೆಟ್ ತಲೆಮೇಲೆ. ವಸೂಲಿಗೆ ಬಂದ ಯಕ್ಷಿಣಿಯೇ ಅವಳ ಪಾಲುದಾರಳು. ವಾರವಾರ ಕಂತು ಕಟ್ಟಬೇಕು, ಕಂತು ಏರುತ್ತ ಹೋಗುತ್ತದೆ. ಗಿರಾಕಿ ಬಂದರೆ ಚೌಕಾಸಿ: ನೀವೊಂದು ಬೆಲೆ ಹೇಳುತ್ತೀರಿ, ಅವರು ಮುಖ ಸಿಂಡರಿಸುತ್ತಾರೆ, ಇಳಿಸುತ್ತೀರಿ. ಪ್ರತಿ ಗಿರಾಕಿಗೂ ಒಳಗೊಂದು ಮಿತಿ ಇದೆ, ಅದು ಪರದೆಯ ಮೇಲೆ ಕಾಣುವುದಿಲ್ಲ.

ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಮೇಲೆ ಬಂದ ದೊಡ್ಡಪ್ಪ ನನ್ನ ಹಿಂದೆ ನಿಂತು ನೋಡಿದರು. ನಾನು ಪುಟ್ಟ ಹುಡುಗಿಯೊಬ್ಬಳಿಗೆ ಮಿಠಾಯಿಯ ಬೆಲೆಯನ್ನು ಒಂದೂವರೆ ಪಟ್ಟು ಹೇಳಿದ್ದೆ. ಅವಳು ಸಪ್ಪೆ ಮುಖ ಮಾಡಿಕೊಂಡು ಹೋದಳು.

"ಹಂಗ ಹೇಳಬ್ಯಾಡೋ," ಅಂದರು. "ಮಾರಿ ನೋಡಿ ರೇಟ್ ಹೇಳಬೇಕು. ಸಣ್ಣ ಹುಡುಗಿ ಅದ, ಕೈಯಾಗ ಎಷ್ಟ ರೊಕ್ಕ ಇದ್ದೀತು? ಮೊದಲನೇ ಸಲ ಕಡಿಮಿ ತೊಗೋ. ನಾಳೆ ಅವ್ವನ್ನ ಕರಕೊಂಡ ಬರತಾಳ."

"ಇದು ಗೇಮ್ ದೊಡ್ಡಪ್ಪ."

"ಗೇಮ್ ಇದ್ರೇನಾತು, ಗಿರಾಕಿ ಗಿರಾಕಿನ ಹೌದಲ್ಲೋ."

ಅವರು ಹೇಳಿದಂತೆ ಮಾಡಿದೆ. ಆಟದ ಲೆಕ್ಕವೂ ಅದೇ ಆಗಿತ್ತು. ಗಿರಾಕಿಯ ಮನಸ್ಸಿನ ಬೆಲೆಗೆ ಹತ್ತಿರ ಹೇಳಿ ಒಂದೇ ಮಾತಿಗೆ ವ್ಯಾಪಾರ ಕುದುರಿಸುತ್ತ ಹೋದರೆ ನಿಮ್ಮ ಅನುಭವ ಬೇಗ ಏರುತ್ತದೆ, ಗಿರಾಕಿಯ ಒಲವೂ ಬೆಳೆಯುತ್ತದೆ, ಬರಬರುತ್ತ ಅವರ ಕೈ ಬಿಗಿತ ಸಡಿಲುತ್ತದೆ. ಚೌಕಾಸಿಯಲ್ಲಿ ಬೇಕೆಂದೇ ಮೋಸ ಮಾಡುವ ಒಬ್ಬಳು ಗಿರಾಕಿಯೂ ಇದ್ದಾಳೆ. ಅವಳು ಬಾಗಿಲಿಗೆ ಬಂದ ಕೂಡಲೇ ದೊಡ್ಡಪ್ಪ "ಈಕಿ ನಮ್ಮ ಓಣಿ ಪೈಕಿನ" ಎಂದು ಗುರುತು ಹಿಡಿದುಬಿಟ್ಟರು. ಮಾಡಿದವರು ಎಲ್ಲೋ ಕಿರಾಣಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೋಡಿದವರೇ ಇರಬೇಕು.

2012ರಲ್ಲಿ, ಕೊನೆಯ ವರ್ಷ, ನಮಗೂ ಒಂದು ಆಟ ಮಾಡುವ ಹುಚ್ಚು ಹಿಡಿಯಿತು. ಆರ್‌ಪಿಜಿ ಮೇಕರ್ ಎಂಬ ಜಪಾನಿ ತಂತ್ರಾಂಶ ಇದೆ. ಪ್ರೋಗ್ರಾಮಿಂಗ್ ಬರದಿದ್ದರೂ ಚೌಕ ಚೌಕ ಜೋಡಿಸಿ ಊರು ಕಟ್ಟಬಹುದು, ಜನರನ್ನು ನಿಲ್ಲಿಸಿ ಮಾತು ಕೊಡಬಹುದು. ಅದರ ವಿಎಕ್ಸ್ ಏಸ್ ಆವೃತ್ತಿ ಆಗಷ್ಟೇ ಇಂಗ್ಲಿಷಿಗೆ ಬಂದಿತ್ತು. ಅದರ ಜೊತೆಗೇ ಬರುವ ಚೌಕಗಳಲ್ಲಿ ಯುರೋಪಿನ ಕೋಟೆಯಿತ್ತು, ಹಿಮದ ಗುಡ್ಡವಿತ್ತು. ಮಂಗಳೂರು ಹೆಂಚಿನ ಮನೆ ಇರಲಿಲ್ಲ. ಕೋಟೆಯನ್ನೇ ಕಾಗದದ ಮಿಲ್ಲು ಮಾಡಿದೆವು, ಹರಿಯುವ ನೀರಿನ ಚೌಕ ಕಾಳಿ ನದಿಯಾಯಿತು.

ಮಾತು ಹಾಕುವಾಗ ಸಿಕ್ಕಿಬಿದ್ದೆವು. ಕನ್ನಡದಲ್ಲಿ ಟೈಪ್ ಮಾಡಿ ಆಡಿದರೆ ಅಕ್ಷರವೆಲ್ಲ ಚೂರುಚೂರು. 'ಅಕ್ಕ' ಎಂದು ಬರೆದರೆ ಅ, ಆಮೇಲೆ ಕ, ಆಮೇಲೆ ಚುಕ್ಕಿಗಳ ಬಳೆಯ ಮೇಲೊಂದು ಒಂಟಿ ಅರ್ಧಾಕ್ಷರದ ಗುರುತು, ಆಮೇಲೆ ಇನ್ನೊಂದು ಕ. ಕಾರಣ ಹುಡುಕಿದರೆ ಆ ತಂತ್ರಾಂಶ ಮಾತಿನ ಸಾಲನ್ನು ಒಂದೊಂದೇ ಸಂಕೇತವಾಗಿ ಬಿಡಿಸಿ ಬರೆಯುತ್ತದೆ. ಪಾತ್ರ ಮಾತಾಡುತ್ತಿರುವಂತೆ ಅಕ್ಷರಗಳು ಟಕಟಕ ಮೂಡುತ್ತವಲ್ಲ, ಅದರ ಗುಟ್ಟೇ ಇದು. ಜಪಾನಿ ಅಕ್ಷರ ಒಂದೊಂದೂ ತನ್ನ ಚೌಕದೊಳಗೆ ತಾನು ಕೂರುವಂಥದ್ದು, ಅವರಿಗೆ ಸರಿ. ಕನ್ನಡದಲ್ಲಿ ಒತ್ತಕ್ಷರ ಮುಂದಿನದಕ್ಕೆ ಕಾಯಬೇಕು, ಗುಣಿತ ಹಿಂದಿನದಕ್ಕೆ ಅಂಟಬೇಕು. ಆ ತಂತ್ರಾಂಶಕ್ಕೆ ಆ ತಾಳ್ಮೆ ಇರಲಿಲ್ಲ.

ಗೆಳೆಯನೊಬ್ಬ ಒಂದೊಂದು ಸಾಲನ್ನೂ ಪೇಂಟ್‌ನಲ್ಲಿ ಚಿತ್ರವಾಗಿ ಮಾಡಿ ತೂರಿಸುವ ಉಪಾಯ ತೆಗೆದ. ಕೆಲಸವಾಯಿತು, ಆದರೆ ಒಂದು ಸಾಲಿಗೆ ಕಾಲು ಗಂಟೆ. ಮಿಲ್ಲಿನ ಗೇಟಿನ ಕಾವಲುಗಾರನಿಗೆ ಐದು ಸಾಲು ಬರೆದಿದ್ದೆವು, ಎರಡಕ್ಕೆ ಇಳಿಸಿದೆವು. ಮೀನು ಮಾರುವವಳಿಗೆ ಒಂದೇ ಉಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಮೂಕರಾದರು. ಯಾವ ಸಾಲು ಇಟ್ಟುಕೊಳ್ಳುವುದು, ಯಾವುದು ಬಿಡುವುದು ಎಂದು ರಾತ್ರಿಯೆಲ್ಲ ಜಗಳ. ಒಬ್ಬ ಹಳ್ಳಿಗನಿಗೆ ಎರಡನೇ ಮಾತು ಕೊಡಬೇಕಾದರೆ ಯಾರೋ ಎಲ್ಲೋ ನಿದ್ದೆಗೆಟ್ಟಿದ್ದಾರೆ ಎನ್ನುವುದು ನನ್ನ ತಲೆಗೆ ಹೊಕ್ಕಿದ್ದು ಆ ಕೋಣೆಯಲ್ಲಿ. ಆಟ ಮುಗಿಯಲಿಲ್ಲ, ಪ್ರಾಜೆಕ್ಟ್ ವೈವಾ ಬಂತು.

ಬ್ಯಾಂಕ್ ಪರೀಕ್ಷೆ ಬರೆದು ಪಾಸಾದೆ. ಮೊದಲ ಪೋಸ್ಟಿಂಗ್ ಜೋಯಿಡಾ ತಾಲ್ಲೂಕಿನಲ್ಲಿ. ಜೋಯಿಡಾದ ಮಳೆ ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಸಂಜೆ ಐದಕ್ಕೆ ಶಟರ್ ಎಳೆದರೆ ಮುಂದೆ ಹೆಂಚಿನ ಮೇಲಿನ ಸದ್ದು ಮಾತ್ರ. ಮೊಬೈಲ್ ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ನೆಟ್ ಬೇಡದ ಮೊಬೈಲ್ ಆಟಗಳೇ ನನಗೆ ಗತಿ, ಅಂಥವನ್ನು ರಾಶಿ ರಾಶಿ ಹೊರತರುತ್ತಿದ್ದದ್ದು ಕೆಮ್ಕೋ. ಹಿರೋಶಿಮಾ ಪ್ರಾಂತ್ಯದ ಕುರೆ ಎಂಬ ಊರಿನ ಕಂಪನಿ. ಯಮಾಟೊ ಯುದ್ಧನೌಕೆ ಕಟ್ಟಿದ ಕಾರ್ಖಾನೆ ಊರು ಅದು. ಕಾಗದದ ಮಿಲ್ಲಿನ ಊರಿನವನಿಗೆ ಅದು ಯಾಕೋ ಹಿತವಾಯಿತು. ಎಕ್ಸೆ ಕ್ರಿಯೇಟ್, ಹಿಟ್ ಪಾಯಿಂಟ್ ಥರದ ಪುಟ್ಟ ತಂಡಗಳು ಮಾಡಿಕೊಟ್ಟದ್ದನ್ನು ಕೆಮ್ಕೋ ಹೊರತರುತ್ತಿತ್ತು. ಬೆಕ್ಕಿಗೆ ತಿಂಡಿಯಿಟ್ಟು ಕಾಯುವ 'ನೇಕೊ ಅತ್ಸುಮೆ' ಮಾಡಿದ್ದೂ ಇದೇ ಹಿಟ್ ಪಾಯಿಂಟ್. ಈ ಮೊಬೈಲ್ ಆಟಗಳು ಒಂದಕ್ಕೊಂದು ಅಚ್ಚು ಹೊಡೆದಂತಿರುತ್ತವೆ ಎಂಬ ದೂರು ಸರಿಯೇ. ನೆನಪು ಕಳೆದುಕೊಂಡ ನಾಯಕ, ಬೆಕ್ಕಿನ ವೇಷದ ದೇವರು, ಹಳಸಿದ ಹಾಸ್ಯ. ಹುಡುಗಿಯರ ಬಗೆಗಿನ ಕೆಲವು ಜೋಕುಗಳನ್ನಂತೂ ಯಾರ ಮುಂದೂ ತೆರೆಯಲು ನಾಚಿಕೆ. ಆದರೂ ಉಳವಿಯ ಬಸ್ಸಿನಲ್ಲಿ ಕಾಡು ದಾಟುವಾಗ ಅವು ಒಳ್ಳೆಯ ಜೊತೆ.

ನಿಜವಾದ ಆಟ ಇದ್ದದ್ದು ಲ್ಯಾಪ್‌ಟಾಪಿನಲ್ಲಿ, 'ಟ್ರೇಲ್ಸ್ ಇನ್ ದ ಸ್ಕೈ'. ಮಾಡಿದವರು ಫಾಲ್ಕಾಮ್: 1981ರಲ್ಲಿ ಟೋಕಿಯೋ ಪ್ರಾಂತ್ಯದ ತಾಚಿಕಾವಾದಲ್ಲಿ ಶುರುವಾಗಿ ಇಷ್ಟು ವರ್ಷವಾದರೂ ನೂರು ಮಂದಿಯೊಳಗೇ ಇರುವ ಕಂಪನಿ. ಅದರ ಈಗಿನ ಅಧ್ಯಕ್ಷ ತೋಶಿಹಿರೊ ಕೊಂಡೊ ಮೊದಲು ಅವರದೇ ಆಟಗಳ ಅಭಿಮಾನಿ ತಾಣ ನಡೆಸುತ್ತಿದ್ದವರು, 1998ರಲ್ಲಿ ಕೆಲಸಕ್ಕೆ ಸೇರಿ 2007ರಲ್ಲಿ ಅಧ್ಯಕ್ಷರಾದರು. 2004ರ ಈ ಆಟ ಪಿಸಿಗೆ ಇಂಗ್ಲಿಷಿನಲ್ಲಿ ಬಂದದ್ದು 2014ರಲ್ಲಿ. ನನ್ನ ಹಳೆಯ ಲ್ಯಾಪ್‌ಟಾಪ್ ಬಿಸಿಯೂ ಆಗದೆ ಅದನ್ನು ಓಡಿಸಿತು.

ಕತೆ ಎಸ್ಟೆಲ್ ಎಂಬ ಹದಿನಾರರ ಹುಡುಗಿಯದು. ಬಾಯಿ ಜೋರು, ಮೀನು ಹಿಡಿಯುವ ಹುಚ್ಚು, ಬೂಟು ಕೂಡಿಡುವ ಹುಚ್ಚು. ಅವಳೂ ಸಾಕು ಅಣ್ಣನಂತಿರುವ ಜೋಶುವಾನೂ ಊರೂರು ತಿರುಗಿ ಜನರ ಕೆಲಸ ಮಾಡಿಕೊಡುತ್ತಾರೆ: ಕಳೆದ ವಸ್ತು ಹುಡುಕು, ದಾರಿಯ ದೀಪ ಬದಲಾಯಿಸು. ಗೊಂಬೆಗಳು ಹೆಬ್ಬೆರಳಷ್ಟು, ಮುಖ ಸರಿಯಾಗಿ ಕಾಣುವುದಿಲ್ಲ. ದುಃಖವಾದರೆ ಗೊಂಬೆ ಆ ಕಡೆ ತಿರುಗುತ್ತದೆ, ತಲೆಯ ಮೇಲೆ ಮೂರು ಚುಕ್ಕಿ ಬರುತ್ತವೆ, ಎರಡು ಕ್ಷಣ ಏನೂ ಆಗುವುದಿಲ್ಲ. ಅಷ್ಟೇ ನಟನೆ. ಕತೆ ಒಂದು ಹೆಜ್ಜೆ ಸರಿದರೆ ಸಾಕು, ಊರಿನ ಪ್ರತಿಯೊಬ್ಬರ ಮಾತೂ ಬದಲಾಗುತ್ತದೆ. ನಿನ್ನೆ ಮಗಳ ಮೇಲೆ ರೇಗುತ್ತಿದ್ದವನು ಇವತ್ತು ಸುಮ್ಮನಿದ್ದಾನೆ. ಅವನನ್ನು ಮಾತಾಡಿಸದೆ ಹೋದರೆ ಆಟಕ್ಕೇನೂ ನಷ್ಟವಿಲ್ಲ, ಹೇಳಿಕೊಡುವವರೂ ಇಲ್ಲ. ಹಣದ ಬಹುಪಾಲನ್ನು ಹೀಗೆ ಯಾರೂ ನೋಡದೆ ಹೋಗಬಹುದಾದ ಜಾಗಕ್ಕೆ ಸುರಿದ ಧಾರಾಳತನ ನನಗೆ ಇನ್ನೆಲ್ಲೂ ಕಂಡಿಲ್ಲ.

ಅನುವಾದಿಸಿದವರಿಗೂ ಆ ಗಾಳಿ ತಗುಲಿತ್ತು. ಖಾಲಿ ಮಾಡಿದ ಪೆಟ್ಟಿಗೆಯನ್ನು ಮತ್ತೆ ತೆರೆದರೆ ಜಪಾನಿಯಲ್ಲಿ 'ಖಾಲಿಯಿದೆ' ಎಂದಷ್ಟೇ ಬರುತ್ತಿತ್ತು. ಒಂದೊಂದು ಪೆಟ್ಟಿಗೆಗೂ ಬೇರೆ ಸಾಲು ಬರೆಯಲು ಜಾಗವಿದೆಯೆಂದು ತಿಳಿದಾಗ ಸಂಪಾದಕಿ ಜೆಸಿಕಾ ಚಾವೆಜ್ ಎಲ್ಲಕ್ಕೂ ಒಂದೊಂದು ತಮಾಷೆ ಬರೆದರು. ಎರಡನೇ ಭಾಗದ ಅನುವಾದಕ್ಕೆ ಕೈ ಹಾಕಿದ್ದು ರೆಸೆಟಿಯರ್‌ನ ಆ ಪುಟ್ಟ ಸಂಸ್ಥೆಯೇ. ಜಪಾನಿನಲ್ಲಿ 2006ರದ್ದು ಇಂಗ್ಲಿಷಿಗೆ ಬರುವಾಗ 2015ರ ಅಕ್ಟೋಬರ್. ಮೊದಲ ಭಾಗ ನಡುನೀರಿನಲ್ಲಿ ಕೈಬಿಡುತ್ತದೆ. ಆ ಕಾಯುವಿಕೆಯಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದೆ.

ಆ ಮಳೆಗಾಲದಲ್ಲೇ ಕೌಂಟರಿಗೆ ಒಬ್ಬ ಅಜ್ಜ ಬರುತ್ತಿದ್ದರು, ರಾಮನಗರದವರು. ಪಾಸ್‌ಬುಕ್ ಎಂಟ್ರಿ ಹಾಕಿಸಿ "ಬರ್ತೇನ್ರೀ ಸಾಹೇಬರ" ಎಂದು ಹೊರಡುವುದು. ಒಮ್ಮೆ ಸಾಲು ಇರಲಿಲ್ಲ. ಹೊರಗೆ ಮಳೆ, ಅವರು ಬೆಂಚಿನ ಮೇಲೆ ಕೂತರು. ನನಗೆ ಚಟ ಇತ್ತಲ್ಲ, ಇನ್ನೊಮ್ಮೆ ಮಾತಾಡಿಸಿದೆ: "ಮೊದಲಿಂದ ರಾಮನಗರನೇನ್ರೀ ಅಜ್ಜಾ?"

"ಇಲ್ರೀ. ಸೂಪಾ." ಹೆಬ್ಬೆರಳಿನಿಂದ ಕೆಳಗೆ ತೋರಿಸಿದರು. "ನೀರಾಗ ಅದ."

ಆಮೇಲೆ ಕಟ್ಟೆಯ ನೀರಿನಲ್ಲಿ ಮುಳುಗಿದ ಸೂಪಾದ ಪೇಟೆಯನ್ನು ಅಂಗಡಿ ಅಂಗಡಿಯಾಗಿ ಹೇಳಿದರು. ಯಾರ ಮಗ್ಗುಲಿಗೆ ಯಾರದು, ಯಾರು ಉದ್ರಿ ಕೊಡುತ್ತಿದ್ದರು, ಯಾರು ಕೊಡುತ್ತಿರಲಿಲ್ಲ, ಪಾಂಢರಿ ನದಿ ಕಾಳಿಗೆ ಸೇರುವಲ್ಲಿ ಹುಡುಗರು ಎಲ್ಲಿಂದ ಜಿಗಿಯುತ್ತಿದ್ದರು. ಮಳೆ ನಿಂತರೂ ಮಾತು ನಿಲ್ಲಲಿಲ್ಲ. ಆಮೇಲಿನ ಸಲಗಳಲ್ಲಿ ಪಾಸ್‌ಬುಕ್ ತಾರದೆಯೂ ಬಂದರು. ಮ್ಯಾನೇಜರ್ ಸಾಹೇಬರು ಗಡಿಯಾರ ನೋಡಿದರೆ ನಾನು ಅವರ ಕೈಗೊಂದು ಚಲನ್ ಕೊಟ್ಟು ತುಂಬಿಸುವಂತೆ ನಟಿಸುತ್ತಿದ್ದೆ.

2025ರ ಸೆಪ್ಟೆಂಬರಿನಲ್ಲಿ ಫಾಲ್ಕಾಮ್ ಅದೇ ಮೊದಲ ಭಾಗವನ್ನು ಹೊಸದಾಗಿ ಮಾಡಿ ಬಿಟ್ಟಿತು. ಈಗ ಎಸ್ಟೆಲ್‌ಗೆ ಮುಖವಿದೆ, ಹುಬ್ಬು ಏರುತ್ತದೆ, ದನಿಯಿದೆ. ಚೆನ್ನಾಗಿಯೇ ಇದೆ. ಮೂರು ಚುಕ್ಕಿಗಳೇ ನನಗೆ ಹೆಚ್ಚು ಅಳಿಸಿದವು ಎಂದರೆ ಅಕ್ಕನ ಮಗಳು ನಗುತ್ತಾಳೆ. ದೀಪಾವಳಿಗೆ ದಾಂಡೇಲಿಗೆ ಬಂದವಳು ನನ್ನ ಕಂಪ್ಯೂಟರಿನ ಮುಂದೆ ಕೂತು, ಊರಿನ ಜನರ ನಡುವೆ ಯಾರ ಕಡೆಗೂ ನೋಡದೆ ಓಡಿದಳು. "ಅವರನ್ನ ಮಾತಾಡಿಸs, ನೋಡು, ಆ ಹಣ್ಣಿನ ಅಂಗಡಿಯವ ಏನೋ ಹೇಳ್ತಾನ," ಅಂದೆ.

"ಮಾಮಾ, ಅವಂಗ ಕ್ವೆಸ್ಟ್ ಇಲ್ಲ. ತಲಿ ಮ್ಯಾಲ ಗುರುತs ಇಲ್ಲ."

"ಇಲ್ದಿದ್ರೂ ಮಾತಾಡಸು."

ಕಂಟ್ರೋಲರ್ ನನ್ನ ತೊಡೆಯ ಮೇಲಿಟ್ಟು ಎದ್ದಳು. "ನೀನs ಮಾತಾಡಸು. ನಾ ಅಷ್ಟೊತ್ತಿಗೆ ಚಹಾ ಕುಡದ ಬರ್ತೀನಿ." ಅವಳು ಬರುವಷ್ಟರಲ್ಲಿ ನಾನಿನ್ನೂ ಚೌಕದ ಎಡಗಡೆಯ ಮನೆಗಳಲ್ಲೇ ಇದ್ದೆ.